ಅಪ್ಪನ ಜೇಬಲ್ಲಿದ್ದ ನನ್ನ ಸುದ್ದಿ

ಆಸ್ಪತ್ರೆಗೆ ಸೇರಿಸೋವಾಗ ಅಪ್ಪನ ಅಂಗಿ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಜೇಬಲ್ಲಿ ಅರ್ಧ ಕಟ್ಟು ಬೀಡಿ, ಬಸ್ ಟಿಕೆಟ್ಟು, ನಾಲ್ಕು ಮಡಿಕೆ ಮಾಡಿದ ಪೇಪರ್ ಕಟಿಂಗ್. ಬಿಡಿಸಿ ನೋಡಿದರೆ ನನ್ನದೇ ಸುದ್ದಿ. ಮೂಲವ್ಯಾಧಿಗೆ ನಾಟಿ ಮದ್ದು ಕೊಡೋ ಒಬ್ಬರ ಬಗ್ಗೆ ಮೂರು ವರ್ಷದ ಹಿಂದೆ ಬರೆದದ್ದು. ಸಾವಿರಾರು ಜನರಿಗೆ ಗುಣ ಅಂತ ಹೆಡ್ಡಿಂಗು. ಆ ಸಾವಿರದ ಲೆಕ್ಕ ಕೊಟ್ಟವರು ಯಾರು ಅಂದರೆ ಅವರೇ. ನಾನು ಒಬ್ಬ ರೋಗಿಯ ಮನೆಗೂ ಹೋಗಿ ಕೇಳಿರಲಿಲ್ಲ. ಸ್ಟ್ರಿಂಗರ್‌ಗೆ ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು, ಇನ್ನೊಂದೂರಿಗೆ ಹೋದರೆ ಪೆಟ್ರೋಲು ಕೈಯಿಂದಲೇ. ಇದು ನೆಪ ಅಂತ ನನಗೂ ಗೊತ್ತು.

ಅಪ್ಪ ಆ ಮದ್ದನ್ನ ಹನ್ನೊಂದು ತಿಂಗಳು ತಗೊಂಡಿದ್ದ. ನಮಗ್ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಗೆ ಶೌಚಾಲಯ ಬಂದಮೇಲೂ ಅವನು ಚೊಂಬು ಹಿಡಿದು ಕತ್ತಲಲ್ಲಿ ತೋಟದ ಕಡೆಗೇ ಹೋಗ್ತಿದ್ದ. ಮಂಡಿ ನೋವು ಜಾಸ್ತಿಯಾಗಿ ಮನೆಯಲ್ಲೇ ಕೂರೋಕೆ ಶುರು ಮಾಡಿದಾಗಲೇ ಬಿಳಿ ಬೇಸಿನ್ ಮೇಲೆ ರಕ್ತ ಕಂಡದ್ದು. ಅದಕ್ಕೆ ಮುಂಚೆ ಎಷ್ಟು ದಿನದಿಂದ ಹೋಗ್ತಿತ್ತೋ, ಮಣ್ಣಿಗೇ ಗೊತ್ತು.

ದೊಡ್ಡ ಕರುಳಿನ ಕೊನೇ ಭಾಗದಲ್ಲಿ ಗಡ್ಡೆ. ಸ್ಕೋಪಿ ಮಾಡಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಆಯ್ತು, ಅದೊಂದು ಪುಣ್ಯ.

"ನನಗ್ಯಾಕೆ ಬಂತು ತಾಯಿ? ಹುಟ್ಟಿದಾಗಿಂದ ಮುದ್ದೆ ತಿಂದೋನು ನಾನು" ಅಂತ ಅಪ್ಪ ಡಾಕ್ಟರಮ್ಮನ್ನ ಕೇಳಿದ. ಅವರು ಬೀಡಿ ಎಷ್ಟು ವರ್ಷದಿಂದ ಅಂತ ಕೇಳಿದರು. ಅಪ್ಪ ಕಿಟಕಿ ಕಡೆ ನೋಡಿದ.

ಆಮೇಲೆ ಅವರು ಹೇಳಿದ್ದನ್ನ, ನಾನು ಓದಿಕೊಂಡದ್ದನ್ನ ಸೇರಿಸಿ ಹೇಳ್ತೀನಿ. ಕರುಳಿನ ಒಳಪದರ ಮನೆ ಗೋಡೆ ಥರ ಒಮ್ಮೆ ಕಟ್ಟಿ ಬಿಟ್ಟದ್ದಲ್ಲ, ಸಸಿಮಡಿ ಥರ. ಒಳಗಡೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಂಡಿಗಳು ಲಕ್ಷಗಟ್ಟಲೆ ಇವೆ. ಒಂದೊಂದು ಗುಂಡಿಯ ತಳದಲ್ಲೂ ಕೆಲವು ತಾಯಿ ಕೋಶಗಳು. ಅವು ಒಡೆದು ಎರಡಾಗ್ತಾ, ಮರಿಗಳನ್ನ ಮೇಲೆ ಮೇಲೆ ತಳ್ತಾವೆ. ನಾಲ್ಕೈದು ದಿನದಲ್ಲಿ ಮೇಲೆ ಬಂದವು ಉದುರಿ ಮಲದ ಜೊತೆ ಹೋಗಿಬಿಡ್ತವೆ. ವಾರಕ್ಕೊಮ್ಮೆ ನಮಗೆ ಹೊಸ ಒಳಪದರ!

ಬೀಡಿ ಹೊಗೆಯಲ್ಲಿರೋ ವಿಷ ರಕ್ತದ ಮೂಲಕ ಕರುಳಿಗೂ ಹೋಗುತ್ತೆ. ಹೆಂಡದಿಂದಲೂ ಅಪಾಯವಿದೆ. ಉಪ್ಪು ಹಾಕಿ, ಹೊಗೆ ಹಾಕಿ ಕೆಡದಂತೆ ಇಟ್ಟ ಮಾಂಸವನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್ ತರೋ ಪಟ್ಟಿಗೆ ಸೇರಿಸಿತು. ಇಂಥ ವಿಷ ಮೇಲಿನ ಕೋಶಕ್ಕೆ ಪೆಟ್ಟು ಕೊಟ್ಟರೆ ಚಿಂತೆಯಿಲ್ಲ, ಅದು ನಾಳೆ ಉದುರೋದೇ. ತಳದ ತಾಯಿಗೆ ಪೆಟ್ಟು ಬಿದ್ದರೆ ಅದು ಹಡೆಯೋ ಮರಿಗಳೆಲ್ಲ ಆ ಪೆಟ್ಟನ್ನ ಹೊತ್ತುಕೊಂಡೇ ಹುಟ್ತಾವೆ. ಸಾಮಾನ್ಯವಾಗಿ ಮೊದಲು ಕೆಡೋದು ಎಪಿಸಿ ಅನ್ನೋ ಜೀನ್. ಬೆಳವಣಿಗೆಗೆ ಬ್ರೇಕ್ ಇದ್ದ ಹಾಗೆ ಅದು. ಬ್ರೇಕ್ ಹೋದ ಗುಂಡಿಯಲ್ಲಿ ಕೋಶಗಳು ಉದುರದೆ ಗುಪ್ಪೆಯಾಗಿ ಪಾಲಿಪ್ ಅನ್ನೋ ಸಣ್ಣ ಗಂಟು ಏಳುತ್ತೆ. ಎಲ್ಲಾ ಪಾಲಿಪ್ಪೂ ಕ್ಯಾನ್ಸರ್ ಆಗಲ್ಲ. ಆಗೋದಕ್ಕೂ ಹತ್ತು ವರ್ಷದ ಹತ್ತಿರ ಬೇಕಾಗುತ್ತೆ. ನಾನು ಜರ್ನಲಿಸಂ ಡಿಪ್ಲೊಮಾ ಮುಗಿಸಿ ಬಂದ ವರ್ಷ ಅಪ್ಪನ ಗಂಟು ಅವರೆಕಾಳಿನಷ್ಟು ಇತ್ತೇನೋ. ಆಗ ಸಿಕ್ಕಿದ್ದರೆ ಸ್ಕೋಪಿನಲ್ಲೇ ಕಿತ್ತು ಬಿಸಾಕಿ ಸಂಜೆಗೆ ಮನೆಗೆ ಕಳಿಸ್ತಿದ್ದರು.

ಆಪರೇಷನ್ ಅಂದ ಕೂಡಲೇ ಊರಲ್ಲಿ ಎದ್ದ ಮಾತು ಒಂದೇ. "ಕತ್ತಿ ಸೋಕಿದರೆ ಹರಡುತ್ತೆ ಕಣಪ್ಪ, ಬ್ಯಾಡ." ಚಿಕ್ಕಪ್ಪ ಅಂತೂ ರಾತ್ರಿ ಬಂದು ಜಗಳವಾಡಿದ. ಇದರಲ್ಲಿ ನಿಜ ಎಷ್ಟು ಅಂತ ಹುಡುಕಿದೆ, ಈ ಸಲ ಒಬ್ಬರ ಮಾತು ನಂಬಿ ಬರೆಯಬಾರದು ಅಂತ.

ಸಿಕ್ಕಿದ್ದು ಇದು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಜನ ಸೈಕಾಸ್ ಗಿಡದ ಬೀಜವನ್ನ ನೀರಲ್ಲಿ ನೆನೆಸಿ ವಿಷ ತೆಗೆದು ಹಿಟ್ಟು ಮಾಡಿ ತಿಂತಿದ್ದರು. 1960ರ ದಶಕದಲ್ಲಿ ಆ ಬೀಜದ ಪುಡಿಯನ್ನ ಇಲಿಗಳಿಗೆ ತಿನ್ನಿಸಿ ನೋಡಿದರೆ ಅವಕ್ಕೆ ಗಡ್ಡೆಗಳೆದ್ದವು. ಅದೇ ಜಾತಿಯ ಅಝಾಕ್ಸಿಮೀಥೇನ್ ಅನ್ನೋ ರಾಸಾಯನಿಕವನ್ನ ವಿಜ್ಞಾನಿಗಳು ಇಲಿಗಳ ಕರುಳಲ್ಲಿ ಕ್ಯಾನ್ಸರ್ ಎಬ್ಬಿಸೋಕೆ ಬಳಸ್ತಾರೆ. 1978ರಲ್ಲಿ ರಾಬಿನ್ ವಿಲಿಯಮ್ಸನ್ ಮತ್ತು ಜೊತೆಯವರು ಇಂಥ ಇಲಿಗಳ ಸಣ್ಣ ಕರುಳಿನ ಒಂದು ಭಾಗ ಕತ್ತರಿಸಿ ತೆಗೆದರು. ಕರುಳು ಕಡಿಮೆಯಾದರೆ ಉಳಿದದ್ದು ಸುಮ್ಮನೆ ಕೂರಲ್ಲ. ಗುಂಡಿಗಳು ಆಳ ಆಗ್ತವೆ, ಕೋಶಗಳು ಇನ್ನೂ ಬೇಗ ಹುಟ್ತವೆ, ನಷ್ಟ ತುಂಬಿಕೊಳ್ಳೋಕೆ. ಆ ಭರಾಟೆಯಲ್ಲಿ ವಿಷವೂ ಮೈಯಲ್ಲಿದ್ದರೆ ದೊಡ್ಡ ಕರುಳಲ್ಲಿ ಗಡ್ಡೆ ಜಾಸ್ತಿ ಎದ್ದವು. ಹೊಲಿಗೆ ಹಾಕಿದ ಜಾಗದಲ್ಲೂ ಹಾಗೇ ಆಗೋದನ್ನ ಬೇರೆಯವರು ಇಲಿಗಳಲ್ಲಿ ಕಂಡಿದ್ದಾರೆ.

ಇದನ್ನ ಓದಿ ನನಗೆ ಕೈಕಾಲು ತಣ್ಣಗಾಯ್ತು. ಚಿಕ್ಕಪ್ಪನೇ ಸರಿನಾ? ಮೊಬೈಲ್ ಹಿಡಿದುಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ನಗಲಿಲ್ಲ. ಆ ಇಲಿಗಳಿಗೆ ಬೇಕಂತಲೇ ವಿಷ ಚುಚ್ಚಿದ್ದಾರೆ, ನಿಮ್ಮ ತಂದೆಗೆ ಈಗಾಗಲೇ ಗಡ್ಡೆ ಇದೆ, ಬಿಟ್ಟರೆ ಅದೇ ಹರಡೋದು ಅಂದರು. ಆದರೆ ಇಲಿಗಳು ಹೇಳಿದ್ದರಲ್ಲಿ ನಮಗೂ ಒಂದು ಕೆಲಸ ಇದೆ ಅಂದರು. ಜೋಡಿಸಿದ ಜಾಗ, ಉಳಿದ ಕರುಳು ಎರಡನ್ನೂ ವರ್ಷಕ್ಕೆ ಮತ್ತೆ ಸ್ಕೋಪ್ ಹಾಕಿ ನೋಡಬೇಕು. ಬೀಡಿ ಬಿಡಲೇಬೇಕು.

ಗೇಣುದ್ದ ಕರುಳು ತೆಗೆದು ಎರಡು ತುದಿ ಸೇರಿಸಿದರು. ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಸಂಜೆ ನರ್ಸ್ ಬಂದು ಕೇಳ್ತಿದ್ದದ್ದು ಒಂದೇ, "ಅಜ್ಜಾ, ಗ್ಯಾಸ್ ಹೋಯ್ತಾ?" ಮೂರನೇ ದಿನ ಹೋಯ್ತು. ವಾರ್ಡಿನವರೆಲ್ಲ ಖುಷಿಪಟ್ಟರು, ಅಪ್ಪನಿಗೆ ಮಾತ್ರ ನಾಚಿಕೆ. ಒಂದು ವಾರ ಹೊಲಿಗೆ ಸೋರುತ್ತೇನೋ ಅಂತ ಜ್ವರ ನೋಡ್ತಾ ಕೂತಿದ್ದೆವು. ಸೋರಲಿಲ್ಲ.

ಪಕ್ಕದ ಗ್ರಂಥಿಗಳಿಗೂ ಹೋಗಿದ್ದರಿಂದ ಕೀಮೋ ಬೇಕಾಯ್ತು. 21 ದಿನಕ್ಕೊಮ್ಮೆ ಡ್ರಿಪ್ಪು, ನಡುವೆ ಮಾತ್ರೆ. ಬೇಗ ಬೇಗ ಹುಟ್ಟೋ ಕೋಶಗಳನ್ನೇ ಆ ಔಷಧಿ ಹೊಡೆಯೋದು, ಹಾಗಾಗಿ ಬಾಯಿ ಮತ್ತು ಕರುಳಿನ ಒಳಪದರಕ್ಕೂ ಬೀಳುತ್ತೆ. ಬಾಯೆಲ್ಲ ಹುಣ್ಣು, ಭೇದಿ. ಮುದ್ದೆ ನುಂಗೋಕಾಗದೆ ಅಪ್ಪ ಅತ್ತದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಅವ್ವ ಅಂಬಲಿ ಮಾಡಿ ತಣ್ಣಗೆ ಕುಡಿಸ್ತಿದ್ದಳು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಫಾರಂ ಹಿಡಿದು ಮನೆಗೆ ಬರ್ತಾರೆ. ಆ ಫಾರಂ ತುಂಬುವ ತಪಾಸಣೆಯಲ್ಲಿ ಕರುಳು ಇಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡೋ ಪರೀಕ್ಷೆ ಇದೆ, ನಾವೇ ಕೇಳಿ ಮಾಡಿಸಬೇಕು.

ಮೊದಲ ವರ್ಷದ ಸ್ಕೋಪಿಯಲ್ಲಿ ಏನೂ ಇರಲಿಲ್ಲ. ಅಪ್ಪ ಬೀಡಿ ಬಿಟ್ಟಿದ್ದೀನಿ ಅಂತಾನೆ. ತೋಟದ ಕಡೆಯಿಂದ ಬಂದಾಗ ಅವ್ವ ಅವನ ಅಂಗಿ ಮೂಸಿ ನೋಡ್ತಾಳೆ.

ಆ ಹಳೇ ಸುದ್ದಿ ವಾಟ್ಸಾಪಲ್ಲಿ ಇನ್ನೂ ಓಡಾಡ್ತಿದೆ. ಮೊನ್ನೆ ಪಕ್ಕದ ತಾಲೂಕಿನಿಂದ ಒಬ್ಬರು ಫೋನ್ ಮಾಡಿ, "ಸಾರ್, ಮೂಲವ್ಯಾಧಿ ಮದ್ದಿನವರ ನಂಬರ್ ಬೇಕಿತ್ತು" ಅಂದರು. ರಕ್ತ ಎಷ್ಟು ದಿನದಿಂದ ಹೋಗ್ತಿದೆ, ವಯಸ್ಸೆಷ್ಟು, ತೂಕ ಇಳಿದಿದೆಯಾ ಅಂತ ಕೇಳಿದೆ. ಕಟ್ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ನಾನೇ ಮತ್ತೆ ಮಾಡಿದೆ.