ತೊಟ್ಟಿಲ್ಲದ ಹೂವಿನ ಸೀಮೆಯಲ್ಲಿ ಇಕೆಬಾನ

ಶಿರಾ ಪೇಟೆಯಲ್ಲಿ ಸೇವಂತಿಗೆ ಕೇಳಿದರೆ ಎಷ್ಟು ಮಾರು ಬೇಕು ಅನ್ನುತ್ತಾರೆ. ಬಿಡಿ ಹೂವಾದರೆ ತೂಕದ ಲೆಕ್ಕ. ದಂಟಿನ ಸಮೇತ ನಾಲ್ಕು ಬೇಕು ಅಂದರೆ ಅಂಗಡಿಯವರು ಮುಖ ನೋಡುತ್ತಾರೆ. ಅವರ ತಪ್ಪೇನೂ ಅಲ್ಲ. ಹೊಲದಲ್ಲಿ ಹೂವು ಬಿಡಿಸುವಾಗಲೇ ತೊಟ್ಟಿನ ಹತ್ತಿರ ಚಿವುಟಿ ಮಡಿಲಿಗೆ ಹಾಕಿಕೊಳ್ಳುವುದು ರೂಢಿ. ದಂಟು ಗಿಡದಲ್ಲೇ ಉಳಿದು, ಒಣಗಿ, ತಿಪ್ಪೆ ಸೇರುತ್ತದೆ. ಕನಕಾಂಬರ, ಕಾಕಡಕ್ಕಂತೂ ದಂಟಿನ ಮಾತೇ ಇಲ್ಲ. ಹೀಗಾಗಿ ಇಷ್ಟು ಹೂವು ಬೆಳೆಯುವ ಊರಿನಲ್ಲಿ ಜಪಾನಿನ ಹೂಜೋಡಣೆಯ ಕಲೆ ಇಕೆಬಾನ ಮಾಡಲು ಹೊರಟವರಿಗೆ ಒಂದು ಹೂವೂ ಸಿಗುವುದಿಲ್ಲ.

ಅದೇ ಸೇವಂತಿಗೆ ಜಪಾನಿನ ರಾಜಮನೆತನದ ಲಾಂಛನ, 16 ದಳದ್ದು. ಒಂಬತ್ತನೇ ತಿಂಗಳ ಒಂಬತ್ತನೇ ದಿನ ಅಲ್ಲಿ ಅದಕ್ಕೊಂದು ಹಬ್ಬವೂ ಇದೆ. ಅವರು ದಂಟಿನ ಮೇಲೆ ನಿಂತ ಹೂವನ್ನು ನೋಡಿದರು, ನಾವು ಸಾಲಿನಲ್ಲಿ ಸೇರಿದ ಹೂವನ್ನು ನೋಡಿದೆವು. ಯಾಕೆ ಹೀಗಾಯಿತು ಎಂದು ಯೋಚಿಸುತ್ತಲೇ ಇದ್ದೇನೆ.

*

ಮಧುಗಿರಿಯಲ್ಲಿ ನನ್ನ ಅಕ್ಕನ ಮಗಳು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೆಲವು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಇಕೆಬಾನ ಹೇಳಿಕೊಡುತ್ತಾಳೆ. ಬೆಂಗಳೂರಿನಲ್ಲಿದ್ದಾಗ ಕಲಿತದ್ದು. ಅವಳು ಕಲಿತದ್ದು ಸೊಗೆತ್ಸು ಪದ್ಧತಿ, 1927ರಲ್ಲಿ ತೆಶಿಗಹರಾ ಸೊಫು ಕಟ್ಟಿದ ಶಾಲೆಯದು. ಮೊದಲ ಪಾಠ ಪೂರಾ ಲೆಕ್ಕ. ತಟ್ಟೆಯ ಅಗಲ 30 ಸೆಂಟಿಮೀಟರ್, ಎತ್ತರ 6 ಇದ್ದರೆ ಎರಡನ್ನೂ ಕೂಡಿ ಒಂದೂವರೆಯಿಂದ ಗುಣಿಸಬೇಕು, 54. ಅದು ಮುಖ್ಯ ಟೊಂಗೆಯ ಉದ್ದ, ಹೆಸರು ಶಿನ್. ಅದರ ಮುಕ್ಕಾಲು ಎರಡನೆಯದು, ಸೊಎ. ಅದರ ಮುಕ್ಕಾಲು ಮೂರನೆಯದು, ಹಿಕಾಎ. ನೆಟ್ಟಗಿನ ಗೆರೆಯಿಂದ ಮೊದಲನೆಯದು 15 ಡಿಗ್ರಿ ವಾಲಬೇಕು, ಎರಡನೆಯದು 45, ಮೂರನೆಯದು 75. ಸೀಸದ ಬಿಲ್ಲೆಗೆ ಹಿತ್ತಾಳೆ ಮೊಳೆಗಳನ್ನು ಒತ್ತಾಗಿ ನೆಟ್ಟ ಕೆಂಜಾನ್ ಎಂಬ ಸಾಧನದ ಮೇಲೆ ಇವು ಮೂರೂ ನಿಲ್ಲಬೇಕು. ದಂಟನ್ನು ನೀರಿನ ಒಳಗೇ ಕತ್ತರಿಸುತ್ತಾರೆ. ಹೊರಗೆ ಕತ್ತರಿಸಿದರೆ ನಾಳದೊಳಗೆ ಗಾಳಿ ಹೊಕ್ಕು ನೀರು ಮೇಲೇರುವುದಿಲ್ಲ.

ಮೊದಮೊದಲು ಅವಳು ಹೂವಿಗೆ ಬೆಂಗಳೂರಿನಿಂದ ಬರುವವರಿಗೆ ಹೇಳಿಕಳಿಸುತ್ತಿದ್ದಳು. ಜರ್ಬೆರಾ, ಗ್ಲಾಡಿಯೋಲಸ್. ಬಸ್ಸಿನಲ್ಲಿ ಬರುವಷ್ಟರಲ್ಲಿ ಕತ್ತು ಮುರಿದಿರುತ್ತಿದ್ದವು. ಒಂದು ದಿನ ಹೂವು ಬರಲಿಲ್ಲ. ಬೇಲಿಯಿಂದ ಬಳ್ಳಾರಿ ಜಾಲಿಯ ಟೊಂಗೆ ತಂದು ಮುಂದಿಟ್ಟಳು. ಆ ಟೊಂಗೆಯನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ಅದು ನೇರ ಬೆಳೆಯುವುದಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ಅತ್ತ ಇತ್ತ ಹೊರಳುತ್ತ ಹೋಗುತ್ತದೆ, ಹೊರಳಿದ ಕಡೆಯೆಲ್ಲ ಮುಳ್ಳು. ಎಲೆ ಬೇಗ ಬಾಡುವುದರಿಂದ ಸವರಿ ತೆಗೆದಳು. ಉಳಿದದ್ದು ಗೆರೆ. ಬುಡದಲ್ಲಿ ಒಂದೇ ಒಂದು ತಂಗಡಿ ಗೊಂಚಲು. ಬೆಂಗಳೂರಿನ ಹೂವಿನಲ್ಲಿ ಅವಳು ಮಾಡಿದ್ದ ಯಾವುದೂ ಇದರ ಹತ್ತಿರಕ್ಕೆ ಬರುವಂತಿರಲಿಲ್ಲ.

ಈ ಕಲೆ ಬಯಲುಸೀಮೆಗೆ ಹೊರಗಿನದು ಅನ್ನುವುದನ್ನು ನಾನು ಅಂದಿನಿಂದ ಒಪ್ಪುತ್ತಿಲ್ಲ. ಹೂವು ಕಡಿಮೆ, ಗೆರೆ ಹೆಚ್ಚು, ಖಾಲಿ ಜಾಗ ಇನ್ನೂ ಹೆಚ್ಚು: ಇಕೆಬಾನ ಬೇಡುವುದು ಇದನ್ನೇ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ಈ ನಾಲ್ಕು ತಾಲ್ಲೂಕಿನ ಬೇಲಿ, ಬದುಗಳಲ್ಲಿ ಇರುವುದೂ ಇದೇ. ಹೇಳಿಕೊಡುವವರು ಇಲ್ಲಿಂದಲೇ ಶುರುಮಾಡಬೇಕು, ಅಂಗಡಿಯ ಹೂವಿನಿಂದಲ್ಲ.

*

ಅಂದು ಬೀದಿಯಲ್ಲಿ ಹೂವು ಮಾರುವ ಅಜ್ಜಿ ಬುಟ್ಟಿ ಇಳಿಸಿ ಜಗಲಿಯ ಹತ್ತಿರ ನಿಂತರು.

"ಯಾವ್ ದ್ಯಾವ್ರಿಗವ್ವ ಇದು?"

"ದೇವ್ರಿಗಲ್ಲ ಅಜ್ಜಿ, ಸುಮ್ನೆ ನೋಡಾಕೆ."

"ನೋಡಾಕಾ? ಮತ್ತೆ ಒಂದೇ ಹೂವ ಮಡಗಿದ್ದೀಯಲ್ಲ. ತಗಾ, ಇನ್ನೊಂದೀಟು ಇಕ್ಕು."

ಕೊಡುವ ಕೈ ಅದು. ಅಕ್ಕನ ಮಗಳು ಹೂವು ಇಸಿದುಕೊಂಡು ಮುಡಿದಳು, ತಟ್ಟೆಗೆ ಹಾಕಲಿಲ್ಲ. ಆದರೆ ಅಜ್ಜಿ ಕೇಳಿದ್ದು ನನ್ನನ್ನು ಬಿಟ್ಟಿಲ್ಲ. ನಮ್ಮಲ್ಲಿ ಹೂವಿಗೆ ಯಾವಾಗಲೂ ಒಬ್ಬರು ಇರುತ್ತಾರೆ. ದಂಡಿನ ಮಾರಮ್ಮನಿಗೆ, ಗೊರವನಹಳ್ಳಿ ಮಹಾಲಕ್ಷ್ಮಿಗೆ, ಮದುಮಗಳ ಜಡೆಗೆ, ತೀರಿಕೊಂಡವರ ಎದೆಯ ಮೇಲೆ. ಯಾರಿಗೂ ಅಲ್ಲದ ಹೂವು ಅಂದರೇನು?

ಜಪಾನಿನಲ್ಲೂ ಮೊದಲು ದೇವರಿಗೇ ಇತ್ತು. ಬುದ್ಧನ ಮುಂದೆ ಇಡುತ್ತಿದ್ದ ಹೂವಿನಿಂದಲೇ ಇದೆಲ್ಲ ಬೆಳೆದದ್ದು. ಕ್ಯೋಟೊದ ರೊಕ್ಕಾಕು-ದೊ ಮಂದಿರದ ಅರ್ಚಕರ ಮನೆತನವೇ ಇಕೆನೊಬೊ, ಎಲ್ಲಕ್ಕಿಂತ ಹಳೆಯ ಶಾಲೆ. ಆ ಮನೆತನದ ಸೆನ್ಕೆಯ್ ಹೂವು ಜೋಡಿಸಿದ್ದನ್ನು ಜನ ನೋಡಲು ಬಂದರು ಎಂದು 1462ರ ದಾಖಲೆ ಹೇಳುತ್ತದೆ. ಆಮೇಲೆ ಹೂವು ದೇವರ ಮುಂದಿನಿಂದ ಮನೆಯೊಳಗಿನ ತೊಕೊನೊಮಾ ಎಂಬ ಗೂಡಿಗೆ ಬಂತು, ಅಲ್ಲಿಂದ ಪ್ರದರ್ಶನಕ್ಕೆ. ಒಂದೇ ಸಲ ದೇವರನ್ನು ಬಿಟ್ಟದ್ದಲ್ಲ, ಐದು ಶತಮಾನ ಹಿಡಿದಿದೆ. ಅಜ್ಜಿಗೆ ಒಂದು ಬೆಳಗ್ಗೆಯಲ್ಲಿ ಒಪ್ಪಿಸುವ ವಿಷಯ ಅಲ್ಲ. ಒಪ್ಪಿಸಲೇಬೇಕು ಅಂತಲೂ ನನಗೆ ಅನಿಸುವುದಿಲ್ಲ.

*

ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನದ ಜೊತೆಗೆ ಇಕೆಬಾನ ಸ್ಪರ್ಧೆಯೂ ನಡೆಯುತ್ತದೆ. ತರಕಾರಿ ಕೆತ್ತನೆ, ಬೋನ್ಸಾಯ್, ಒಣ ಹೂವಿನ ಜೋಡಣೆಯ ಜೊತೆಗೆ ಅದಕ್ಕೂ ಮೇಜು. ಕರ್ನಾಟಕದಲ್ಲಿ ಹೆಚ್ಚು ಜನ ಇಕೆಬಾನ ಕಂಡಿದ್ದರೆ ಅಲ್ಲಿಯೇ.

ಆ ಲಾಲ್‌ಬಾಗಿನ ಬೇರು ಶಿರಾದಲ್ಲಿದೆ. 1687ರಲ್ಲಿ ಮೊಗಲರು ಶಿರಾವನ್ನು ಹಿಡಿದು ಸುಬೆಯ ರಾಜಧಾನಿ ಮಾಡಿಕೊಂಡರು. ಖಾನ್ ಬಾಗ್ ಎಂಬ ತೋಟ ಎಬ್ಬಿಸಿದರು. ಹೈದರಾಲಿ 1760ರ ಸುಮಾರಿಗೆ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಿದಾಗ ಕಣ್ಣಮುಂದಿದ್ದದ್ದು ಈ ಶಿರಾದ ತೋಟ ಎಂದು ಇತಿಹಾಸ ಬರೆದವರು ಹೇಳುತ್ತ ಬಂದಿದ್ದಾರೆ. ತೋಟದ ಕಲ್ಪನೆ ಇಲ್ಲಿಂದ ಹೋಯಿತು. ಅಲ್ಲಿ ನೆಲೆಯೂರಿದ ಹೂವಿನ ಕಲೆಗಳು ಮಾತ್ರ ಈ ಕಡೆಗೆ ಬರಲೇ ಇಲ್ಲ. ಜಿಲ್ಲಾ ಮಟ್ಟದ ಪ್ರದರ್ಶನಗಳಲ್ಲೂ ಗುಲಾಬಿಯಲ್ಲಿ ಕಟ್ಟಿದ ಕೋಟೆ, ಗೋಪುರಗಳ ಮುಂದೆಯೇ ಜನ. ಮೂರು ಟೊಂಗೆಗೆ ಒಂದು ಮೂಲೆಯಾದರೂ ಕೊಡಬಹುದು.

*

ಅಕ್ಕನ ಮಗಳಿಗೆ ಕೆಂಜಾನ್ ಒಂದೇ ಇದೆ. ಉಳಿದ ಮಕ್ಕಳಿಗೆ ಏನು ಮಾಡುವುದು? ಒಬ್ಬ ಹುಡುಗಿ ಮನೆಗೆ ಹೋಗಿ ಸಗಣಿ ತಂದಳು. ದೀಪಾವಳಿಯಲ್ಲಿ ಹೊಸಿಲ ಮೇಲೆ ಸಗಣಿಯ ಬೆನಕ ಮಾಡಿ ಗರಿಕೆ, ಉತ್ತರಾಣಿ, ತಂಗಡಿ ಸಿಕ್ಕಿಸುತ್ತಾರಲ್ಲ, ಅದೇ ಉಂಡೆ. ಟೊಂಗೆ 15 ಡಿಗ್ರಿಗೂ ನಿಂತಿತು, 75ಕ್ಕೂ ನಿಂತಿತು. ಒಣಗಿದ ಮೇಲೆ ಅಲ್ಲಾಡಲಿಲ್ಲ. ಬೆನಕ ನಮ್ಮ ಕೆಂಜಾನ್. ಇದು ಬರೀ ಅನುಕೂಲದ ಮಾತಲ್ಲ. ದಂಟನ್ನು ನೆಟ್ಟಗೆ ನಿಲ್ಲಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಇಲ್ಲ ಎಂದು ಮೇಲೆ ಬರೆದೆ. ಹೊಸಿಲ ಮೇಲೆ ಇದೆ, ವರ್ಷಕ್ಕೆ ಕೆಲವು ದಿನ, ಹೆಂಗಸರ ಕೈಯಲ್ಲಿ. ಗರಿಕೆ ಹೇಗೆ ನಿಂತರೆ ಚೆಂದ ಎಂದು ನಮ್ಮವ್ವ ಎರಡು ಸಲ ಕಿತ್ತು ಮತ್ತೆ ಚುಚ್ಚುತ್ತಿದ್ದದ್ದು ನನಗೆ ನೆನಪಿದೆ. ಅದನ್ನು ಕಲೆ ಎಂದು ಯಾರೂ ಕರೆದಿರಲಿಲ್ಲ.

*

ಇನ್ನು ಇಕೆಬಾನ ಸಮಕಾಲೀನ ಕಲೆಯಾದದ್ದರ ಬಗ್ಗೆ. ಸೊಗೆತ್ಸು ಶಾಲೆ ಕಟ್ಟಿದ ಸೊಫು ಎರಡನೇ ಮಹಾಯುದ್ಧದ ನಂತರ ಕಬ್ಬಿಣ, ಕಲ್ಲು, ಮರದ ಬೊಡ್ಡೆಗಳನ್ನೇ ಇಕೆಬಾನಕ್ಕೆ ತಂದ. ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ವಸ್ತುವಿನಿಂದ ಬೇಕಾದರೂ ಮಾಡಬಹುದು ಅನ್ನುವುದು ಅವನ ಶಾಲೆಯ ನಿಲುವು. ಮಗ ಹಿರೋಶಿ ಸಿನಿಮಾದವನು, 1964ರ 'ವುಮನ್ ಇನ್ ದ ಡ್ಯೂನ್ಸ್' ಅವನದೇ. 1980ರಲ್ಲಿ ಶಾಲೆಯ ಹೊಣೆ ಹೊತ್ತ ಮೇಲೆ ಬಿದಿರು ಸೀಳಿ ಬಗ್ಗಿಸಿ, ಜನ ಒಳಗೆ ನಡೆದುಹೋಗುವಂಥ ಸುರಂಗಗಳನ್ನು ಕಟ್ಟಿದ.

ಅದರ ಚಿತ್ರ ನೋಡಿದಾಗ ನನಗೆ ಚಳ್ಳಕೆರೆ ಕಡೆಯ ಕ್ಯಾತಪ್ಪನ ಪರಿಶೆ ಎದುರಿಗೆ ಬಂತು. ಶಿರಾ, ಪಾವಗಡದಲ್ಲೂ ಇರುವ ಕಾಡುಗೊಲ್ಲರ ದೇವರು ಕ್ಯಾತಪ್ಪ. ಮುಳ್ಳಿನ ಕೊಂಬೆಗಳನ್ನು ಒಟ್ಟಿ ಒಟ್ಟಿ ಗುಡಿ ಕಟ್ಟುತ್ತಾರೆ, ತುದಿಗೆ ಕಳಸ. ಗಂಡಸರು ಬರಿಗಾಲಲ್ಲಿ ಆ ಮುಳ್ಳು ತುಳಿದು ಏರಿ ಕಳಸ ಕೀಳುತ್ತಾರೆ. ಗೊಲ್ಲರ ಹಟ್ಟಿಯ ಬೇಲಿಯೂ ಮುಳ್ಳಿನದೇ. ಮುಳ್ಳು ಹೇಗೆ ಒಂದರೊಳಗೊಂದು ಸಿಕ್ಕಿಕೊಂಡು ತಾನೇ ನಿಲ್ಲುತ್ತದೆ ಎಂಬ ತಿಳಿವಳಿಕೆ ಅವರ ಕೈಯಲ್ಲಿದೆ. ಬಿದಿರು ಸೀಳುವುದು ಮೇದರಿಗೆ ಗೊತ್ತು. ಟೋಕಿಯೊದಲ್ಲಿ ಹೀಗೆ ಕಟ್ಟಿದ್ದನ್ನು ಶಿಲ್ಪ ಎಂದು ಬರೆಯುತ್ತಾರೆ, ಚಳ್ಳಕೆರೆಯಲ್ಲಿ ಜಾತ್ರೆಯ ಸುದ್ದಿ ಎಂದು. ಎರಡನ್ನೂ ಒಂದೇ ಅನ್ನಲು ನನಗೆ ಧೈರ್ಯವಿಲ್ಲ. ಗೊಲ್ಲರಿಗೆ ಅದು ದೇವರು, ನೋಡಲಿಕ್ಕೆ ಕಟ್ಟಿದ್ದಲ್ಲ. ಆದರೆ ಮಧುಗಿರಿಯ ಹುಡುಗಿ ಜಾಲಿ ಟೊಂಗೆ ಹಿಡಿದು ಕೂತಾಗ ಅವಳಿಗೆ ಹಿರೋಶಿಯ ಜೊತೆಗೆ ಆ ಗುಡಿಯನ್ನೂ ತೋರಿಸಬೇಕು.

*

ನಕಾಗವಾ ಯುಕಿಯೊ ಎಂಬಾತ 1951ರಲ್ಲಿ ಇಕೆನೊಬೊ ಬಿಟ್ಟು ಹೊರಬಂದು, ಯಾವ ಶಾಲೆಗೂ ಸೇರದೆ ಬದುಕಿದ. 1973ರಲ್ಲಿ 900 ಕಾರ್ನೇಶನ್ ಹೂಗಳನ್ನು ಗಾಜಿನ ಪಾತ್ರೆಗೆ ತುಂಬಿ, ಕೊಳೆಯಲು ಬಿಟ್ಟು, ಬಿಳಿ ಕಾಗದದ ಮೇಲೆ ಬೋರಲು ಹಾಕಿದ. ಕೆಂಪು ರಸ ಕಾಗದಕ್ಕೆ ಹರಿದು ಹಬ್ಬಿತು. ದೊಡ್ಡ ಕೃತಿ ಎಂದು ಎಲ್ಲರೂ ಒಪ್ಪುತ್ತಾರೆ, ಚಿತ್ರ ನೋಡಿದರೆ ನಾನೂ ಒಪ್ಪುತ್ತೇನೆ.

ಆಯುಧಪೂಜೆಯ ಮಾರನೇ ದಿನ ಮಾರಾಟವಾಗದ ಸೇವಂತಿಗೆ, ಚೆಂಡುಹೂವು ರಸ್ತೆಬದಿಯಲ್ಲಿ ರಾಶಿ ಬಿದ್ದು ಕೊಳೆಯುವುದನ್ನು ಕಂಡ ರೈತರಿಗೆ ಈ ಕೃತಿ ತೋರಿಸಿ ಏನು ಹೇಳಲಿ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಂದಂತೂ ಖಂಡಿತ: ಇಲ್ಲಿ ಆ ರೀತಿಯ ಕೆಲಸ ಮಾಡುವವರು ಹೂವಿಗೆ ಹಬ್ಬದ ದರ ಕೊಟ್ಟೇ ಕೊಳ್ಳಬೇಕು, ಬಿಸಾಡಿದ್ದು ಸಿಗುತ್ತದಲ್ಲ ಎಂದು ಎತ್ತಿಕೊಂಡು ಬರಬಾರದು.

*

ಪಾವಗಡಕ್ಕೆ ಬಂದರೆ ನೀರಿನ ಪ್ರಶ್ನೆ. ಜಪಾನಿನಲ್ಲಿ 1895ರಲ್ಲಿ ಒಹಾರ ಉನ್ಶಿನ್ ಶುರುಮಾಡಿದ ಶಾಲೆಯಲ್ಲಿ ಅಗಲವಾದ ತಟ್ಟೆಯ ತುಂಬ ನೀರು ಇಟ್ಟು, ಆ ನೀರಿನ ಬಯಲೂ ಕಾಣುವಂತೆ ಹೂವು ಜೋಡಿಸುತ್ತಾರೆ. ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಿದವರ ಊರಲ್ಲಿ, ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುವವರ ಎದುರಿಗೆ, ನೋಡಲಿಕ್ಕೆಂದು ನೀರು ಇಡಬಹುದೇ? ಮರಳು ಹಾಕಲಿ ಅನ್ನುತ್ತೇನೆ. ಒಣ ಟೊಂಗೆ, ಒಣ ಕಾಯಿ, ಶೇಂಗಾ ಬಳ್ಳಿ. ಇಕೆಬಾನ ಶಾಲೆಗಳೂ ಒಣ ವಸ್ತುವನ್ನು ಬೇಡ ಅನ್ನುವುದಿಲ್ಲ.

ಅದೇ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ, 2,050 ಮೆಗಾವಾಟ್‌ನ ಸೋಲಾರ್ ಹಲಗೆಗಳ ಸಾಲು. ಗುತ್ತಿಗೆಗೆ ಕೊಟ್ಟ ಹೊಲಗಳವು. ಹಲಗೆಗಳೆಲ್ಲ ಒಂದೇ ಕೋನ, ಒಂದೇ ಎತ್ತರ. ಬೇಲಿಯ ಹೊರಗೆ ಎಕ್ಕ, ಜಾಲಿ, ಯಾವುದೂ ಒಂದರಂತೆ ಒಂದಿಲ್ಲ. ನಮಗೆ ಬೇಕಾದ ಟೊಂಗೆ ಇರುವುದು ಅಲ್ಲಿ. ಎಕ್ಕ ಕತ್ತರಿಸಿದರೆ ಹಾಲು ಸೋರುತ್ತದೆ, ತುದಿಯನ್ನು ದೀಪಕ್ಕೆ ಹಿಡಿದು ಸುಡಬೇಕು.

*

ಕಲಿಸುವವರ ಗೊಂದಲ ಇನ್ನೊಂದು. ಇಕೆಬಾನ ಶಾಲೆಗಳಲ್ಲಿ ಇಎಮೊತೊ ಎಂಬ ಕುಲಗುರು ಇರುತ್ತಾರೆ. ಹಂತ ಹಂತವಾಗಿ ಪ್ರಮಾಣಪತ್ರ ಅವರ ಹೆಸರಿನಲ್ಲಿ ಜಪಾನಿನಿಂದ ಬರಬೇಕು, ಅದಕ್ಕೆ ಶುಲ್ಕವಿದೆ. ಕಲಿಸುವ ಅಧಿಕಾರವೂ ಹಾಗೆಯೇ ಬರುವುದು. ಮಧುಗಿರಿಯ ಮಕ್ಕಳಿಗೆ ಅದು ಎಟುಕುವ ದುಡ್ಡಲ್ಲ. ಹಾಗೆಂದು ಪ್ರಮಾಣಪತ್ರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶತಮಾನಗಳ ಕೈಚಳಕ ಹಾಳಾಗದೆ ಉಳಿದಿದ್ದರೆ ಆ ಶಿಸ್ತಿನಿಂದಲೇ. ಇತ್ತ ಬಾಳೆನಾರಿನಲ್ಲಿ ಗಂಟು ಕಾಣದಂತೆ ಹೂವು ಕಟ್ಟುವ ಅಜ್ಜಿಗೆ ಶಾಲೆ ಇಲ್ಲ, ಪತ್ರ ಇಲ್ಲ. ಅವರ ಕೈ ನಿಂತರೆ ಯಾರು ದಾಖಲು ಮಾಡುತ್ತಾರೆ? ಅಕ್ಕನ ಮಗಳು ಈಗ ಪಾಠದ ಕೊನೆಗೆ ಅಜ್ಜಿಯನ್ನು ಕೂರಿಸಿ ಮಕ್ಕಳಿಗೆ ಹೂವು ಕಟ್ಟುವುದನ್ನೂ ಹೇಳಿಕೊಡಿಸುತ್ತಾಳೆ. ಹುಡುಗಿಯರು ಇಕೆಬಾನಕ್ಕಿಂತ ಅದು ಕಷ್ಟ ಅನ್ನುತ್ತಾರೆ.

*

ಕೊರಟಗೆರೆಯಲ್ಲಿ ಅಡಿಕೆ, ತೆಂಗು. ಹೊಂಬಾಳೆ ಒಡೆದಾಗಿನ ಗೆರೆಗೆ ಸಾಟಿಯಿಲ್ಲ, ಬಿದ್ದ ಹಾಳೆಯೇ ಪಾತ್ರೆ. ಸಿದ್ದರಬೆಟ್ಟದ ಗಿಡಮೂಲಿಕೆಗಳನ್ನು ಮಾತ್ರ ಮುಟ್ಟಕೂಡದು. ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಕು.

ಮುಂದಿನ ಪಾಠಕ್ಕೆ ಕತ್ತಾಳೆಯ ಹೂಗಂಬ ಬೇಕಂತೆ. ಕತ್ತಾಳೆ ಒಂದೇ ಸಲ ಹೂವು ಬಿಟ್ಟು ಸಾಯುವ ಗಿಡ, ಆದ್ದರಿಂದ ಒಣಗಿ ನಿಂತದ್ದನ್ನೇ ಹುಡುಕಬೇಕು. ಆಳೆತ್ತರಕ್ಕಿಂತ ಎತ್ತರ, ಸೊಗೆತ್ಸು ಲೆಕ್ಕದ ಪ್ರಕಾರ ಅದಕ್ಕೆ ತಕ್ಕ ತಟ್ಟೆ ಬೇಕೆಂದರೆ ಅಗಲ, ಎತ್ತರ ಕೂಡಿ ಒಂದು ಮೀಟರಿಗೂ ಹೆಚ್ಚಾಗಬೇಕು. ಕಲ್ಲಿನ ಬಾನಿ ಆದೀತೇ ಎಂದು ಕೇಳುತ್ತಿದ್ದಾಳೆ. ಬದುವಿನವರನ್ನು ಕೇಳಿ, ಮಚ್ಚು ತರುತ್ತೇನೆ ಎಂದಿದ್ದೇನೆ.