ಜಿಗಣಿಯ ಗೋಲಿ, ನಮ್ಮನೆಯ ಗುಳ್ಳೆ

ಬೊಮ್ಮಸಂದ್ರದಿಂದ ಲಿಂಕ್ ರಸ್ತೆ ಹಿಡಿದು ಜಿಗಣಿಗೆ ಬಂದರೆ ಗ್ರಾನೈಟ್ ಕೊಯ್ಯುವ ಯಂತ್ರಗಳ ಸದ್ದು, ಜೊತೆಗೆ ಬಿಳಿ ದೂಳು. ಪಾಳಿ ಬಿಟ್ಟಾಗ ಕೆಲಸಗಾರ ಹುಡುಗರು ಸೋಡಾ ಗಾಡಿಯ ಸುತ್ತ ನಿಲ್ಲುತ್ತಾರೆ. ಗಾಡಿಯವನು ಗೋಲಿ ಒತ್ತಿದ ಕೂಡಲೇ ‘ಕೀಂಯ್’! ನಿಂಬೆ, ಉಪ್ಪು, ಬೇಕೆಂದವರಿಗೆ ಪನ್ನೀರು.

ಮಕ್ಕಳೇ, ಆ ಗೋಲಿ ಬಾಟಲಿಗೆ ಇಂಗ್ಲೆಂಡಿನ ಹಿರಾಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದರು. ಬಾಟಲಿಯನ್ನು ತಲೆಕೆಳಗು ಮಾಡಿ ಗ್ಯಾಸ್ ತುಂಬಿದರೆ ಗೋಲಿ ಕತ್ತಿಗೆ ಜಾರಿ, ಒಳಗಿನ ಒತ್ತಡಕ್ಕೆ ರಬ್ಬರ್ ಉಂಗುರಕ್ಕೆ ಅಂಟಿ ಕೂರುತ್ತದೆ. ಹೊರಗೆ ಓಡಲು ಹವಣಿಸುವ ಗ್ಯಾಸೇ ಬಾಗಿಲಿಗೆ ಕಾವಲು! ಅದಕ್ಕೂ ನೂರು ವರ್ಷ ಮೊದಲು, 1767ರಲ್ಲಿ, ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ತಯಾರಿಸುವ ತೊಟ್ಟಿಯ ಮೇಲೆ ನೀರನ್ನಿಟ್ಟು, ಅಲ್ಲಿನ ಗಾಳಿಯನ್ನು ನೀರಿಗೆ ಸೇರಿಸಿದ್ದರು. ಅದೇ ಇಂಗಾಲದ ಡೈಆಕ್ಸೈಡ್. ನಿಮ್ಮಜ್ಜಿಯ ದೋಸೆ ಹಿಟ್ಟು ಉಬ್ಬುವುದೂ ಅದರಿಂದಲೇ.

ನನಗೆ ಸಕ್ಕರೆ ಕಾಯಿಲೆ. ಕೋಲಾ ನಮ್ಮ ಮನೆಗೆ ಬರುವುದಿಲ್ಲ. ಮೊಮ್ಮಗಳದು ಒಂದೇ ಹಟ: “ತಾತ, ನಾವೇ ಮಾಡೋಣ.”

ಕಾಯಿಸಿ ಆರಿಸಿದ ಎರಡು ಲೋಟ ನೀರಿಗೆ ಸಿಪ್ಪೆ ಸಹಿತ ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ಜಾಡಿಗೆ ಬಟ್ಟೆ ಕಟ್ಟಿ, ದಿನವೂ ಅಷ್ಟಷ್ಟೇ ಹಾಕಿ ಕಲಕಿದೆವು. ಸಿಪ್ಪೆಯ ಮೇಲೆ ಕಾಡು ಯೀಸ್ಟ್ ಇರುತ್ತದೆ. ಐದನೇ ದಿನಕ್ಕೆ ನೊರೆ ಬಂತು. ಸೋಸಿದ ಕಾಲು ಲೋಟವನ್ನು ಒಂದು ಲೀಟರ್ ನಿಂಬೆ ಪಾನಕಕ್ಕೆ ಬೆರೆಸಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಬಾಟಲಿಗೆ ತುಂಬಿದೆವು. ಪಾನಕಕ್ಕೆ ಸಕ್ಕರೆ 60 ಗ್ರಾಂ.

ಬಾಟಲಿ ಪ್ಲಾಸ್ಟಿಕ್ಕಿನದೇ ಇರಲಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ಗಾಜು ಒತ್ತಡ ತಾಳದೆ ಸಿಡಿದರೆ ಕಣ್ಣಿಗೇ ಅಪಾಯ. ಪ್ಲಾಸ್ಟಿಕ್ ಆದರೆ ಹಿಚುಕಿ ನೋಡಬಹುದು. ದೊಡ್ಡವರು ಜೊತೆಗಿರಲಿ. ಒಂದೆರಡು ದಿನದಲ್ಲಿ ಬಾಟಲಿ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ತಣ್ಣಗಿದ್ದರೆ ಗ್ಯಾಸ್ ನೀರಿನಲ್ಲಿ ಹೆಚ್ಚು ಕರಗಿ ನಿಲ್ಲುತ್ತದೆ, ಯೀಸ್ಟೂ ನಿಧಾನವಾಗುತ್ತದೆ. ಹೊರಗೇ ಬಿಟ್ಟರೆ ಮದ್ಯದ ಅಂಶ ಏರುತ್ತದೆ, ಅದು ಮಕ್ಕಳಿಗಲ್ಲ.

ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? 250 ಮಿ.ಲೀ. ಕೋಲಾದಲ್ಲಿ ಸಕ್ಕರೆ ಸುಮಾರು 26 ಗ್ರಾಂ. ನಮ್ಮದರಲ್ಲಿ ಹದಿನೈದರ ಆಸುಪಾಸು. ಆದರೂ ನನಗದು ಹೆಚ್ಚೇ. ಹಾಗಾಗಿ ನನ್ನ ಲೋಟಕ್ಕೆ ಅಂಗಡಿಯ ಸಪ್ಪೆ ಸೋಡಾ, ನಿಂಬೆ, ಉಪ್ಪು, ಹುರಿದ ಜೀರಿಗೆ ಪುಡಿ.

ಮೊಮ್ಮಗಳು ಬಾಟಲಿಗೆ ದಿನಾಂಕದ ಚೀಟಿ ಅಂಟಿಸಿದ್ದಾಳೆ. ಮುಂದಿನ ವಾರ ಪುನರ್ಪುಳಿಯಂತೆ.