ಹತ್ತಿಯೂ ಅಲ್ಲ, ಉಣ್ಣೆಯೂ ಅಲ್ಲ

ಬಿಳಿಜೋಳದ ರೊಟ್ಟಿಯ ಮೇಲೆ ಬಿಳಿ ಕೂದಲು ಬಿದ್ದರೆ ಕಾಣುವುದಿಲ್ಲ. ಬಾಯಿಗೆ ಹೋದಮೇಲೇ ಗೊತ್ತಾಗುವುದು. ಮೊದಲ ಸಲ ಹೀಗಾದಾಗ ಊಟಕ್ಕೆ ಕೂತವರೆಲ್ಲ ಅವ್ವನ ಕಡೆ ನೋಡಿದೆವು. ಮನೆಯಲ್ಲಿ ತಲೆ ಪೂರ್ತಿ ಬೆಳ್ಳಗಾದವಳು ಅವಳೊಬ್ಬಳೇ. ಅವ್ವ ಆ ಕೂದಲನ್ನು ನನ್ನ ಬೆರಳಿನಿಂದ ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, "ನನ್ನ ಕೂದ್ಲ ಗೇಣುದ್ದ ಅದ. ಇದು ಬಟ್ಟುದ್ದ ಭೀ ಇಲ್ಲ. ನಿನ್ನ ಮಗ ತಂದು ಕಟ್ಯಾನಲ್ಲ, ಅದರದು ನೋಡು" ಅಂದಳು.

ಬಾಗಿಲಲ್ಲಿ ಅಂಗಾತ ಬಿದ್ದಿದ್ದ ಆರೋಪಿ ಕಿವಿ ಕೂಡ ಅಲ್ಲಾಡಿಸಲಿಲ್ಲ.

ಅದು ಲ್ಯಾಬ್ರಡಾರ್. ಮಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸಾಕಿಕೊಂಡಿದ್ದ. ಲಾಕ್‌ಡೌನ್ ಮುಗಿದು ಆಫೀಸಿನವರು ವಾಪಸು ಕರೆದಾಗ ಕಾರಿನಲ್ಲಿ ಹಾಕಿಕೊಂಡು ಬಂದು ಶಹಾಪುರದಲ್ಲಿ ನಮ್ಮ ಪಡಸಾಲೆಗೆ ಬಿಟ್ಟು ಹೋದ. ಎರಡು ತಿಂಗಳ ಮಾತು ಎರಡು ವರ್ಷ ದಾಟಿ, ಈಗ ಯಾರೂ ಎಣಿಸುತ್ತಿಲ್ಲ. ಸಿಂಬಾ ಅನ್ನುವ ಹೆಸರು ಅವ್ವನ ನಾಲಿಗೆಗೆ ಹೊರಳದೆ ಮೊದಲು ಶಿಂಬಾ ಆಯಿತು, ಆಮೇಲೆ ಶಂಭಾ, ಶ್ರಾವಣ ಬರುವಷ್ಟರಲ್ಲಿ ಶಂಭು. ಮಗ ಫೋನಿನಲ್ಲಿ ಸಿಂಬಾ ಎಂದು ಕೂಗಿದರೆ ಈಗ ಅದು ಯಾರನ್ನೋ ಕರೆದರೇನೋ ಎಂಬಂತೆ ಹಿಂದೆ ತಿರುಗಿ ನೋಡುತ್ತದೆ.

ನಮ್ಮೂರಿಗೆ ಬಂದವರಿಗೆ ನಾವು ತಪ್ಪದೆ ತೋರಿಸುವುದು ಬುದ್ಧ ಮಲಗಿದ ಬೆಟ್ಟ. ಗುಡ್ಡದ ಸಾಲು ದೂರದಿಂದ ಮುಗಿಲಿಗೆ ಮುಖಮಾಡಿ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಶಂಭುವಿನದೂ ಅದೇ ಭಂಗಿ. ಬೆಟ್ಟದ ಬುದ್ಧ ಕೂದಲು ಉದುರಿಸುವುದಿಲ್ಲ, ಅಷ್ಟೇ.

ಹಗುರಾದದ್ದು ಗಾಳಿಯಲ್ಲಿ ತೇಲುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಯಾದಗಿರಿ, ಸುರಪುರದ ದಾರಿಗುಂಟ ಜಾಲಿ ಮುಳ್ಳಿಗೆಲ್ಲ ಬಿಳಿ ಅರಳೆ ಸಿಕ್ಕಿಕೊಂಡಿರುತ್ತದೆ, ತುಂಬಿದ ಟ್ರ್ಯಾಕ್ಟರು ಹೋದ ಗುರುತು. ಆದರೆ ಹತ್ತಿಗೆ ಒಂದು ಸುಗ್ಗಿ ಅಂತಿದೆ, ರೇಟು ಅಂತಿದೆ. ಶಂಭುವಿನ ಬೆಳೆಗೆ ಎರಡೂ ಇಲ್ಲ. ನಮ್ಮದು ಶಹಾಬಾದ್ ಕಲ್ಲಿನ ನೆಲ. ಕಲ್ಲು ಕಲ್ಲಿನ ನಡುವಿನ ಸಂದಿನಲ್ಲಿ ಕೂದಲು ಹೊಸೆದಿಟ್ಟ ಬತ್ತಿಯ ಹಾಗೆ ಕೂರುತ್ತದೆ. ಫ್ಯಾನ್ ಹಾಕಿದರೆ ಮಂಚದ ಕೆಳಗಿಂದ ನಿಂಬೆಕಾಯಿ ಗಾತ್ರದ ಉಂಡೆಗಳು ಉರುಳಿಕೊಂಡು ಹೊರಬರುತ್ತವೆ. ಹಿಂದಿನ ಓಣಿಯ ಗೆಳೆಯ ಬಂದವನು ತನ್ನ ಪ್ಯಾಂಟು ಜಾಡಿಸಿಕೊಂಡು, "ಏನ್ರೀ, ಮನ್ಯಾಗ ಜಿನ್ನಿಂಗ್ ಸುರು ಮಾಡೀರೇನು? ಕ್ವಿಂಟಲಿಗೆ ಎಷ್ಟು?" ಎಂದು ಕೇಳಿ ಹೋದ.

ಮೊದಲ ಬೇಸಿಗೆಯಲ್ಲಿ, ಬಿಸಿಲು 42 ಡಿಗ್ರಿ ದಾಟಿದ ದಿನಗಳಲ್ಲಿ, ನನಗೊಂದು ಬುದ್ಧಿ ಹೊಳೆಯಿತು. ಕತ್ತರಿಸಿಬಿಟ್ಟರೆ ಹೇಗೆ? ನಾಯಿಗೆ ತಂಪು, ನಮಗೆ ನಿಶ್ಚಿಂತೆ. ಪರಿಚಯದವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ ಕುರಿಗಾಹಿಯ ಹತ್ತಿರ ಉದ್ದ ಅಲಗಿನ ಕತ್ತರಿ ಇತ್ತು. ಶಂಭುವನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹೆಗಲ ಮೇಲೆ ಕಂಬಳಿ ಹೊತ್ತಿದ್ದ ಆ ಹಿರಿಯ ಕೂತು, ಶಂಭುವಿನ ಬೆನ್ನಿನ ಕೂದಲನ್ನು ಎರಡು ಹೆಬ್ಬೆರಳಿನಿಂದ ಬಿಡಿಸಿ ಬುಡ ನೋಡಿದ. ಕತ್ತರಿ ಮುಟ್ಟಲಿಲ್ಲ.

"ಇದು ಕುರಿ ಅಲ್ರಿ ಸರ. ಕುರಿ ಉಣ್ಣಿ ನಾವು ತೆಗೀದಿದ್ರ ಬೆಳಕೋತನ ಹೋಗ್ತದ. ನಾಯಿದು ತಾನ ಬೆಳಿತದ, ತಾನ ಉದುರ್ತದ. ಬಾಚ್ರಿ, ಸಾಕು." ಸ್ವಲ್ಪ ತಡೆದು, "ಉಣ್ಣಿ ನೋಡ್ರಿ ಮೊದಲ" ಅಂದ. ಮತ್ತೆ ಉಣ್ಣೆಯ ಮಾತೇ ಎಂದುಕೊಂಡೆ. ಅವನು ಶಂಭುವಿನ ಕಿವಿಯ ಮಡಿಕೆ ತಿರುವಿ ತೋರಿಸಿದ. ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ ಎರಡು ಉಣ್ಣಿ ಅಂಟಿಕೊಂಡಿದ್ದವು. ನಮ್ಮ ಕಡೆಯ ಬಾಯಲ್ಲಿ ಉಣ್ಣೆಯೂ ಉಣ್ಣಿ, ಉಣ್ಣಿಯೂ ಉಣ್ಣಿ. ಒಂದು ಮೈ ಬೆಚ್ಚಗಿಡುತ್ತದೆ, ಇನ್ನೊಂದು ಮೈ ಹೀರುತ್ತದೆ.

ಪಶುವೈದ್ಯರು ಆಮೇಲೆ ಹೇಳಿದ್ದೂ ಕುರಿಗಾಹಿಯ ಮಾತನ್ನೇ, ಸ್ವಲ್ಪ ಬಿಡಿಸಿ. ಈ ಜಾತಿಗೆ ಎರಡು ಪದರ ಕೂದಲು: ಮೇಲೆ ನೀರು ಜಾರಿಸುವ ಒರಟು ಕೂದಲು, ಒಳಗೆ ದಟ್ಟ ಮೆತ್ತನೆಯದು. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ. ಮತ್ತೆ ಬೆಳೆಯುವಾಗ ಮೊದಲಿನಂತೆ ಸಮನಾಗಿ ಬರುತ್ತದೆಂಬ ಭರವಸೆಯೂ ಇಲ್ಲ. ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರು, ಮಂಜುಗಡ್ಡೆಯಂಥ ನೀರಿಗೆ ಜಿಗಿದು ಬೆಸ್ತರ ಬಲೆ ಎಳೆದವರು. ಅಲ್ಲಿ ನಡುಬೇಸಿಗೆಯ ಹಗಲಿಗೂ ನಡುಚಳಿಗಾಲದ ಹಗಲಿಗೂ ಏಳು ತಾಸಿಗಿಂತ ಹೆಚ್ಚಿನ ಅಂತರ. ಹಗಲು ಉದ್ದವಾದಾಗ ಒಳಪದರ ಉದುರಿಸು, ಗಿಡ್ಡವಾದಾಗ ಹೊಸದು ತೊಡು ಎಂದು ಮೈಗೆ ಬೆಳಕೇ ಹೇಳುತ್ತಿತ್ತು. ಶಹಾಪುರದಲ್ಲಿ ಆ ಅಂತರ ಎರಡು ತಾಸೂ ತುಂಬುವುದಿಲ್ಲ. ಸಾಲದ್ದಕ್ಕೆ ರಾತ್ರಿ ಹನ್ನೊಂದರವರೆಗೆ ನಮ್ಮ ಟ್ಯೂಬ್‌ಲೈಟು ಬೇರೆ. ಯಾವಾಗ ಉದುರಿಸಬೇಕೆಂದು ತಿಳಿಯದ ನಾಯಿ ವರ್ಷವಿಡೀ ಉದುರಿಸುತ್ತದೆ. ಯುಗಾದಿ ಹೊತ್ತಿಗೆ ಮಾತ್ರ ಕೈಗೆ ಹಿಡಿಹಿಡಿ ಬರುತ್ತದೆ.

ಬಾಚುವುದು ಈಗ ನನ್ನ ಸಂಜೆಯ ಕೆಲಸ. ಪಿಂಚಣಿಯಾದವನಿಗೆ ಇಷ್ಟಾದರೂ ಬೇಕಲ್ಲ. ಸೂರ್ಯ ಇಳಿದು ಕಟ್ಟೆಯ ಕಲ್ಲು ಕಾವು ಬಿಟ್ಟಮೇಲೆ ಕೂರುತ್ತೇವೆ. ಮೊದಲು ಬೆರಳಿನಿಂದ ಮೈ ತಡವಿ ಉಣ್ಣಿ, ಗಂಟು, ಗಾಯ ನೋಡುವುದು. ಆಮೇಲೆ ಸೂಕ್ಷ್ಮ ತಂತಿಯ ಹಣಿಗೆ, ಕುತ್ತಿಗೆಯಿಂದ ಬಾಲದ ಕಡೆಗೆ, ಒತ್ತದೆ. ಒತ್ತಿದರೆ ಚರ್ಮ ಗೀರುತ್ತದೆ. ಮೂರನೆಯ ಎಳೆತಕ್ಕೆ ಒಳಪದರ ಹೊಗೆಯ ಹಾಗೆ ಎದ್ದು ಹಣಿಗೆಯಲ್ಲಿ ನಿಲ್ಲುತ್ತದೆ. ಹಿಂದೊಡೆಯ ಹತ್ತಿರ ಬಂದಾಗ ಶಂಭು ಕಣ್ಣು ಅರ್ಧ ಮುಚ್ಚಿ, ಕೆಳತುಟಿ ಜೋಲು ಬಿಟ್ಟು, ಒಂದು ಹಿಂಗಾಲನ್ನು ಗಾಳಿಯಲ್ಲಿ ಕೆರೆಯುತ್ತದೆ. ಹೊಟ್ಟೆಯ ಕಡೆ ಕೈ ಹೋದರೆ ಮಾತ್ರ ಎದ್ದು ನಿಂತು ಗೌರವದಿಂದ ದೂರ ಸರಿಯುತ್ತದೆ. ಅರ್ಧ ತಾಸಿಗೆ ಒಂದು ಬೆಕ್ಕಿನಮರಿಯಷ್ಟು ಕೂದಲು. ಕಟ್ಟೆಯ ಮೇಲೆ ಬಿದ್ದದ್ದು ಮನೆಯೊಳಗೆ ಬೀಳುವುದಿಲ್ಲ, ಲೆಕ್ಕ ಇಷ್ಟೇ.

ಉಳಿದವು ಸಣ್ಣ ಪುಟ್ಟವು. ಕಸಬರಿಗೆ ಆಡಿಸಿದರೆ ಕೂದಲು ಏಳುತ್ತದೆ. ಫ್ಯಾನ್ ಆರಿಸಿ ಹಸಿ ಬಟ್ಟೆಯಿಂದ ಒರೆಸಬೇಕು. ಹಾಸಿಗೆಗೆ ಒದ್ದೆ ರಬ್ಬರ್ ಕೈಗವಸು. ಸ್ನಾನಕ್ಕೆ ನಮ್ಮ ಶಾಂಪೂ ಬೇಡ, ನಾಯಿಯದೇ ಬೇಕು, ಅದೂ ಪದೇ ಪದೇ ಅಲ್ಲ. ಹಾಲು-ರೊಟ್ಟಿಯೊಂದನ್ನೇ ತಿನ್ನಿಸುತ್ತಿದ್ದೆವು, ಕೂದಲು ಅಂದರೆ ಪ್ರೋಟೀನು, ಬೇಯಿಸಿದ ಮೊಟ್ಟೆ ಕೊಡಿ ಅಂದರು ವೈದ್ಯರು. ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆ ಬೇಯುವುದು ಹಿತ್ತಲಿನ ಬೇರೆ ಒಲೆಯ ಮೇಲೆ. ಅಲ್ಲಲ್ಲಿ ಬಿಲ್ಲೆಯ ಹಾಗೆ ಬೋಳಾದರೆ, ಚರ್ಮ ಕೆಂಪೇರಿ ತುರಿಸಿದರೆ ಅದು ಉದುರುವಿಕೆಯಲ್ಲ, ರೋಗ. ಹಣಿಗೆ ಇಟ್ಟು ಆಸ್ಪತ್ರೆಗೆ ನಡೆಯಬೇಕು. ಅವ್ವನ ಚಿಕಿತ್ಸೆ ಕುಸುಬಿ ಎಣ್ಣೆ. ಹಚ್ಚಿದ ದಿನ ಶಂಭು ನೆಟ್ಟಗೆ ಹೋಗಿ ಬೂದಿಗುಂಡಿಯಲ್ಲಿ ಹೊರಳಿ ಬಂತು.

ಮುಧೋಳದ ನಾಯಿಯನ್ನೇ ಕಟ್ಟಬೇಕಿತ್ತು ಎನ್ನುವವರಿದ್ದಾರೆ. ತಪ್ಪಲ್ಲ. ಆ ತೆಳು ಮೈಯ ಗಿಡ್ಡ ಕೂದಲು ಈ ನೆಲದ ಬಿಸಿಲೇ ಹೊಲಿದ ಅಂಗಿ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿಯನ್ನೂ ತಂದಿತು. ಆದರೆ ಓಡುವುದಕ್ಕೇ ಹುಟ್ಟಿದ ನಾಯಿಯನ್ನು ನಮ್ಮ ಪಡಸಾಲೆಯಲ್ಲಿ ಕಟ್ಟಿಹಾಕುವುದು ಇನ್ನೊಂದು ತಪ್ಪು. ಕನಿಕರಪಡುವವರೂ ಇದ್ದಾರೆ. ಸುರಪುರದ ಬೀಗರ ಮನೆಗೆ ಕಪ್ಪು ಕೋಟು ಹಾಕಿಕೊಂಡು ಹೋಗಿದ್ದಾಗ ಅಲ್ಲಿನ ಮೇಷ್ಟ್ರೊಬ್ಬರು ನನ್ನ ತೋಳಿಗಂಟಿದ ಕೂದಲು ಆರಿಸುತ್ತ, ಚಿಕಣಿ ಚಿತ್ರ ಬರೆಯುವವರಿಗೆ ಅಳಿಲಿನ ಬಾಲದ ಕೂದಲೇ ಕುಂಚ, ನಿಮ್ಮದು ಅದಕ್ಕೂ ಬರುವುದಿಲ್ಲವಲ್ಲ ಎಂದು ಮರುಗಿದರು. ಚಿನ್ನದ ಬಣ್ಣದ ಚಿತ್ರಗಳಿಗೆ ಹೆಸರಾದ ಊರಿನ ಮಾತು, ಕೇಳಿ ಸುಮ್ಮನಾದೆ.

ಅವ್ವ ಮಾತ್ರ ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಿ ಬಂದಮೇಲೆ ಕೂದಲಿನ ಮಾತೆತ್ತಿಲ್ಲ. ಮಲ್ಲಯ್ಯನೆಂದರೆ ಮೈಲಾರಲಿಂಗನೇ. ಅವನ ಭಕ್ತರಾದ ಗೊರವರು ತಾವು ದೇವರ ನಾಯಿಗಳೆಂದು ಬೊಗಳಿ, ದೋಣಿಯೆಂಬ ಬಟ್ಟಲಿಗೆ ಬಾಯಿ ಹಚ್ಚಿ ಹಾಲು ಕುಡಿಯುವವರು. "ಮಲ್ಲಯ್ಯನ ಮನಿ ಮಂದಿ ಇದು" ಎಂದು ಭಂಡಾರ ತಂದು ಶಂಭುವಿನ ಹಣೆಗೂ ಹಚ್ಚಿದಳು. ರೊಟ್ಟಿಯಲ್ಲಿ ಕೂದಲು ಬಂದರೆ ಈಗ ಸುಮ್ಮನೆ ತೆಗೆದಿಟ್ಟು ತಿನ್ನುತ್ತಾಳೆ.

ಬಾಚಿದ ಕೂದಲನ್ನು ಬಹಳ ದಿನ ಹಿತ್ತಲಿನ ಬೇವಿನ ಬುಡಕ್ಕೆ ಹಾಕುತ್ತಿದ್ದೆ. ಗುಬ್ಬಿಗಳು ಗೂಡಿಗೆ ಒಯ್ಯುತ್ತಿದ್ದವು, ನೋಡಿ ಖುಷಿಪಡುತ್ತಿದ್ದೆ. ಉಣ್ಣಿಗೆಂದು ನಾಯಿಯ ಬೆನ್ನಿಗೆ ಬಿಡುವ ಔಷಧಿ ಕೂದಲಿನಲ್ಲಿ ಉಳಿದಿರುತ್ತದೆ, ಇಂಗ್ಲೆಂಡಿನಲ್ಲಿ ಹಕ್ಕಿಗೂಡುಗಳಲ್ಲಿ ಅದೇ ವಿಷ ಸಿಕ್ಕಿದೆ ಎಂದು ಓದಿದ ದಿನ ನಿಲ್ಲಿಸಿದೆ. ನೀವೂ ಅಂಥ ಔಷಧಿ ಹಾಕುತ್ತಿದ್ದರೆ ಕೂದಲನ್ನು ಹೊರಗೆ ಚೆಲ್ಲಬೇಡಿ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಗಾಡಿಗೆ ಕೊಡಿ. ನಮ್ಮ ಮನೆಯಿಂದ ವಾರಕ್ಕೊಂದು ಚೀಲ ಹೋಗುತ್ತದೆ.